ಸೋಮವಾರ ಯಾವ ತೀರ್ಮಾನವೂ ಬೇಡ ಮಗನೇ

ಪುಟ್ಟೂ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಸಂಜೆ ಆಗುತ್ತೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ನಿನ್ನೆ ಚರ್ಚಿನಲ್ಲಿ ಪ್ರಸಂಗ ಮಾಡುವಾಗ ಅರ್ಧ ಸಭೆ ಮೊಬೈಲ್ ನೋಡುತ್ತಿತ್ತು, ಯಾರಲ್ಲೂ ಬದಲಾವಣೆ ಇಲ್ಲ, ನನಗೆ ದೇವರ ಕರೆಯೇ ಇಲ್ಲವೇನೋ, ಸೇವೆ ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ಗ್ರೂಪಿನಲ್ಲಿ ಎಲ್ಲರೂ ಕೈ ಮುಗಿದ ಚಿತ್ರ ಹಾಕಿ ಸುಮ್ಮನಾಗಿದ್ದಾರೆ. ಇವತ್ತು ಸೋಮವಾರ ಕಣೋ. ಪಾಸ್ಟರ್ ಆದವನು ಸೋಮವಾರ ಇಂಥ ತೀರ್ಮಾನ ಮಾಡಬಾರದು.

ನಿನ್ನ ದೊಡ್ಡಪ್ಪ ಎಂಥವರು ಅಂತ ನಿಮಗೆಲ್ಲ ಗೊತ್ತು. ಪಾಸ್ಟರ್ ಆಗಿದ್ದ ಆ ಎರಡನೇ ಸಭೆ ಯಾಕೆ ಬಿಟ್ಟರು ಅಂತ ಮಾತ್ರ ಮನೆಯಲ್ಲಿ ಯಾರೂ ಬಾಯಿ ಬಿಟ್ಟಿಲ್ಲ. ಆ ವಾರ ಶುಕ್ರವಾರ ಒಂದು ಸಾವು. ಶನಿವಾರ ಮದುವೆ. ರಾತ್ರಿ ಆಸ್ಪತ್ರೆಗೆ ಹೋಗಿ ಬಂದು ಆಮೇಲೆ ಪ್ರಸಂಗ ಬರೆಯಲು ಕೂತರು. ಭಾನುವಾರ ಪುಲ್ಪಿಟ್‌ನಲ್ಲಿ ನಿಂತು ಬೈಬಲ್ ವಾಕ್ಯ ಓದಿದರು, ಮುಂದಕ್ಕೆ ಮಾತೇ ಬರಲಿಲ್ಲ. ನಾನು ಎರಡನೇ ಸಾಲಿನಲ್ಲಿದ್ದೆ. ಬೆರಳು ವಾಕ್ಯದ ಮೇಲೆಯೇ ಇತ್ತು. ಬರೆದ ಹಾಳೆ ಫ್ಯಾನ್ ಗಾಳಿಗೆ ಮಗುಚಿ ಬಿದ್ದಿತ್ತು, ಅದನ್ನು ತಿರುಗಿಸಬೇಕು ಅಂತಲೂ ಅವರಿಗೆ ತೋಚಲಿಲ್ಲ. ಹೇಗೋ ನಾಲ್ಕು ಮಾತು ಹೇಳಿ ಪ್ರಾರ್ಥನೆ ಮಾಡಿ ಮುಗಿಸಿದರು. ಬಾಗಿಲ ಹತ್ತಿರ ಒಬ್ಬರು, "ಇವತ್ತು ಬೇಗ ಬಿಟ್ಟಿರಿ ಅಯ್ಯನವರೇ, ಒಳ್ಳೇದಾಯಿತು" ಅಂದರು. ಆ ಮಾತು ಅವರನ್ನು ರಾತ್ರಿಯಿಡೀ ಮಲಗಲು ಬಿಡಲಿಲ್ಲ.

ಸೋಮವಾರ ನಾನು ಏಳುವಷ್ಟರಲ್ಲಿ ರಾಜೀನಾಮೆ ಬರೆದು ಸೆಕ್ರೆಟರಿ ಕೈಗೆ ಕೊಟ್ಟು ಬಂದಿದ್ದರು. ಗುರುವಾರದ ಹೊತ್ತಿಗೆ ನಿದ್ದೆ ಆಗಿ, ಊಟ ಸೇರಿ, ಮುಖಕ್ಕೆ ಕಳೆ ಬಂತು. ಪತ್ರ ವಾಪಸ್ ಕೊಡಿ ಅಂತ ಹೋದರೆ ಕಮಿಟಿ ಆಗಲೇ ಒಪ್ಪಿಕೊಂಡು ಆಗಿತ್ತು. ಕೇಳಿಸಿಕೊಂಡೆಯಾ? ಸೋಮವಾರ ಪತ್ರ ಬರೆಯಬೇಡ. ಬರೆದರೂ ಯಾರ ಕೈಗೂ ಕೊಡಬೇಡ.

ಬೈಬಲ್‌ನಲ್ಲಿ ಪ್ರವಾದಿ ಎಲೀಯನನ್ನು ನೋಡು. ಕರ್ಮೆಲ್ ಬೆಟ್ಟದ ಮೇಲೆ ಪ್ರಾರ್ಥಿಸಿ ಆಕಾಶದಿಂದ ಬೆಂಕಿ ಬೀಳುವುದನ್ನು ಕಂಡವನು, ಮುಂದಿನ ಅಧ್ಯಾಯದಲ್ಲೇ ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ದೇವರು ಗದರಿಸಿದರಾ? ಮಲಗಲು ಬಿಟ್ಟರು. ದೂತನನ್ನು ಕಳಿಸಿ ಎರಡು ಸಲ ಎಬ್ಬಿಸಿ ರೊಟ್ಟಿ, ನೀರು ಕೊಟ್ಟರು. ನಿನ್ನ ಜೊತೆ 7000 ಜನ ಇದ್ದಾರೆ ಅಂತ ಹೇಳಿದ್ದು ಎಷ್ಟೋ ಆಮೇಲೆ.

ಮೊಬೈಲ್ ವಿಷಯ ಬಿಡು. ಅಪೊಸ್ತಲ ಪೌಲನೇ ಮಾತಾಡುತ್ತಿದ್ದಾಗ ಯೂತಿಖ ಅನ್ನೋ ಹುಡುಗ ನಿದ್ದೆ ಹೋಗಿ ಮೂರನೇ ಅಂತಸ್ತಿನಿಂದ ಬಿದ್ದ. ಪೌಲ ಕೆಳಗೆ ಇಳಿದು ಅವನನ್ನು ತಬ್ಬಿಕೊಂಡ, ಮತ್ತೆ ಮೇಲೆ ಬಂದು ಬೆಳಗಾಗುವ ತನಕ ಮಾತಾಡಿದ. ಫಲ ಇಲ್ಲ ಅಂತೀಯ. ಮಿಷನರಿ ವಿಲಿಯಂ ಕೇರಿ ಬಂಗಾಳಕ್ಕೆ ಬಂದಿದ್ದು 1793ರಲ್ಲಿ. ಅಲ್ಲಿನವರಲ್ಲಿ ಮೊದಲನೆಯವನಾದ ಕೃಷ್ಣ ಪಾಲ್‌ಗೆ ದೀಕ್ಷಾಸ್ನಾನ ಕೊಟ್ಟಿದ್ದು 1800ರ ಡಿಸೆಂಬರ್ ಕೊನೆಗೆ. ಅದರ ಮಧ್ಯೆ ಐದು ವರ್ಷದ ಮಗನನ್ನು ಮಣ್ಣು ಮಾಡಿದ್ದರು. ನೀನು ಸಭೆಗೆ ಬಂದು ಎಷ್ಟು ಕಾಲ ಆಯಿತು ಹೇಳು?

ಆ ಕಮಿಟಿಯವರ ಮೇಲೆ ನನಗೆ ಇವತ್ತಿಗೂ ಬೇಜಾರಿದೆ. ಏನಾಯಿತು ಅಯ್ಯನವರೇ ಅಂತ ಒಬ್ಬರಾದರೂ ಮನೆಗೆ ಬಂದು ಕೇಳಬಹುದಿತ್ತು, ಅಲ್ವಾ? ನಿನ್ನ ದೊಡ್ಡಪ್ಪ ವಾರಕ್ಕೊಂದು ದಿನ ರಜೆ ಕೇಳಿದಾಗ ದೇವರ ಸೇವೆಗೆ ರಜೆ ಎಂಥದ್ದು ಅಂದಿದ್ದರು. ಮುಂದಿನ ಪಾಸ್ಟರ್ ಬಂದ ಮೇಲೆ ಸೋಮವಾರ ರಜೆ ಅಂತ ನೋಟಿಸ್ ಬೋರ್ಡಿಗೇ ಹಾಕಿದರು! ಪ್ರಸಂಗ ಸ್ವಲ್ಪ ಜಾಸ್ತಿ ಆದರೆ ಗಡಿಯಾರ ನೋಡುತ್ತಿದ್ದವರು, ನಡುರಾತ್ರಿ ಫೋನ್ ಮಾಡುವಾಗ ಒಂದು ದಿನವೂ ನೋಡಲಿಲ್ಲ. ಮೋಶೆಗಾದರೆ ಮಾವ ಇತ್ರೋ ಬಂದು, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ, ಕೆಲಸ ಹಂಚಿಕೊಡು ಅಂದ. ನಿನ್ನ ದೊಡ್ಡಪ್ಪನಿಗೆ ಹಾಗೆ ಹೇಳಲು ನಮ್ಮಪ್ಪ ಆಗ ಬದುಕಿರಲಿಲ್ಲ. ನಿನಗೆ ನಾನಿದ್ದೇನೆ.

ಅಯ್ಯೋ, ಹೇಳಬೇಕಾದ್ದೇ ಬಿಟ್ಟುಹೋಯಿತು. ಇವತ್ತು ಮಲಗು. ನಾಳೆಯೇ ವಾಕ್ಯಭಾಗ ಆರಿಸಿ ಗಟ್ಟಿಯಾಗಿ ಓದು, ದಿನಾ ಓದು. ಜನರ ಮನೆಗಳಿಗೆ ಹೋದಾಗಲೂ ಅದು ತಲೆಯಲ್ಲಿರಲಿ, ಅವರ ಕಷ್ಟ ಕೇಳುವಾಗ ಎಷ್ಟೋ ಅರ್ಥ ತಾನಾಗಿ ಹೊಳೆಯುತ್ತೆ. ಹೇಳಬೇಕಾದ್ದನ್ನು ಒಂದೇ ಸಾಲಿನಲ್ಲಿ ಬರೆ. ಆಗಲಿಲ್ಲ ಅಂದರೆ ಪ್ರಸಂಗ ಇನ್ನೂ ಹಣ್ಣಾಗಿಲ್ಲ. ಶುಕ್ರವಾರ ಮುಗಿಸಿಬಿಡು, ಶನಿವಾರ ಯಾರದಾದರೂ ಸಾವಾದರೂ ಭಾನುವಾರಕ್ಕೆ ಕೈಯಲ್ಲಿ ಏನೋ ಇರುತ್ತೆ. ರಾತ್ರಿ ಫೋನ್‌ಗಳನ್ನು ಹಿರಿಯರೊಬ್ಬರು ಹಂಚಿಕೊಳ್ಳಲಿ, ನೀನೇ ಬಾಯಿ ಬಿಟ್ಟು ಕೇಳು. ವಾರಗಟ್ಟಲೆ ನಿದ್ದೆ ಬರದಿದ್ದರೆ ಡಾಕ್ಟರ್ ಹತ್ತಿರ ಹೋಗು, ಅದರಲ್ಲಿ ನಾಚಿಕೆ ಏನಿಲ್ಲ. ಆ ಒಂದು ಸಾಲನ್ನು ಗುರುವಾರ ನನಗೆ ಕಳಿಸು. ಅರ್ಥ ಆಗದಿದ್ದರೆ ಹೇಳುತ್ತೇನೆ, ತಿದ್ದಲು ಒಂದು ದಿನ ಸಿಗುತ್ತೆ.