ಪದಚರ್ಚೆ: ‘ತಿಳಿಯಚ್ಚು’ ಯಾವುದಕ್ಕೆ ಸಲ್ಲಬೇಕು?

ಗೆಳೆಯರೇ,

ಕೈಯಲ್ಲಿ ಶುಭಾಶಯ ಪತ್ರ ಮಾಡುವವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಇರುವ ನಾಲ್ಕಾರು ಕ್ಲಿಯರ್ ಸ್ಟ್ಯಾಂಪುಗಳಿಂದಲೇ ಬಗೆಬಗೆಯ ಚಿತ್ರ ಮೂಡಿಸುವುದು ಹೇಗೆ ಎಂಬುದು ಅದರ ವಿಷಯ. ಎರಡನೆಯ ಪುಟಕ್ಕೇ, ಕ್ಲಿಯರ್ ಸ್ಟ್ಯಾಂಪಿಗೆ ಕನ್ನಡದಲ್ಲಿ ಹುಡುಕಿದ ಒಂದು ಪದ ಕಾಲಿಗೆ ತೊಡರಿಕೊಂಡಿದೆ.

ವಸ್ತುವನ್ನು ಕಾಣದವರಿಗಾಗಿ: ಇದು ನೇರಳಾತೀತ ಬೆಳಕಿನಲ್ಲಿ ಗಟ್ಟಿಯಾಗುವ ಪಾಲಿಮರ್‌ನಿಂದ ಮಾಡಿದ ಮೆತ್ತನೆಯ ಹಾಳೆಯಂಥದ್ದು. ಹಿಡಿ ಇರುವುದಿಲ್ಲ. ಕೈಯಲ್ಲಿ ಹಿಡಿಯುವ ಪಾರದರ್ಶಕ ಪ್ಲಾಸ್ಟಿಕ್ ತುಂಡಿಗೆ, ಅಂದರೆ ಅಕ್ರಿಲಿಕ್ ಬ್ಲಾಕಿಗೆ, ತಾನೇ ಅಂಟಿಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಬಿಡಿಸಿ ಇಡಬಹುದು. ಎರಡರ ಮೂಲಕವೂ ಕೆಳಗಿನ ಕಾಗದ ಕಾಣುವುದರಿಂದ, ಮೊದಲೇ ಒತ್ತಿದ ಹೂವಿನ ಗೆರೆಯೊಳಗೆ ಬಣ್ಣದ ಎಸಳನ್ನು ಕೂದಲೆಳೆ ತಪ್ಪದಂತೆ ಕೂರಿಸಬಹುದು.

‘ಮೊಹರು’, ‘ಠಸ್ಸೆ’ ಎರಡೂ ಕಚೇರಿಯ ಕಡತಗಳಿಗೆ ಅಂಟಿಕೊಂಡ ಪದಗಳು. ಹೂವು ಹಕ್ಕಿಗಳ ಪಕ್ಕದಲ್ಲಿ ಅವನ್ನು ಬರೆಯಲು ನನಗೆ ಮನಸ್ಸಾಗಲಿಲ್ಲ. ‘ಪಾರದರ್ಶಕ ಮುದ್ರೆ’ ಸರಿಯಾದರೂ ತುಂಬ ಉದ್ದ. ತಿಳಿನೀರು, ತಿಳಿಗೊಳಗಳನ್ನು ನೆನೆದು ‘ತಿಳಿಯಚ್ಚು’ ಎಂದು ಬರೆದೆ. ತಳ ಕಾಣುವ ನೀರು ತಿಳಿ, ಕಾಗದ ಕಾಣುವ ಅಚ್ಚೂ ತಿಳಿ.

ತೊಡಕು ಬಂದದ್ದು ಮುಂದಿನ ಪ್ಯಾರಾದಲ್ಲಿ. ಈ ಸ್ಟ್ಯಾಂಪನ್ನು ಒಮ್ಮೆ ಶಾಯಿಗೆ ತಾಗಿಸಿ ಎರಡು ಸಲ ಒತ್ತುವ ಒಂದು ಕ್ರಮವಿದೆ. ಮೊದಲನೆಯದು ಗಾಢವಾಗಿ ಮೂಡುತ್ತದೆ, ಮತ್ತೆ ಶಾಯಿ ಹಚ್ಚದೆ ಒತ್ತಿದ ಎರಡನೆಯದು ಮಂಕಾಗಿ ಹಿಂದೆ ಸರಿದಂತೆ ಕಾಣುತ್ತದೆ. ಒಂದೇ ಎಲೆಯಿಂದ ಇಡೀ ಕಾಡಿನ ಆಳ ಹುಟ್ಟುತ್ತದೆ. ಇದಕ್ಕಿಂತ ಚಂದದ ಉಪಾಯ ನನಗೆ ಗೊತ್ತಿಲ್ಲ. ಆ ಮಂಕು ಗುರುತಿಗೂ ನನಗೆ ಮೊದಲು ಹೊಳೆದದ್ದು ‘ತಿಳಿಯಚ್ಚು’ ಎಂದೇ, ಏಕೆಂದರೆ ತಿಳಿಹಸಿರು, ತಿಳಿನೀಲಿಗಳಲ್ಲಿ ‘ತಿಳಿ’ ಎಂದರೆ ಗಾಢವಲ್ಲದ್ದು.

‘ಅಚ್ಚು’ ಕೂಡ ಎರಡು ಕಡೆ ಎಳೆಯುತ್ತದೆ. ಎರಕದ ಅಚ್ಚು ಒಂದು ಸಾಧನ. ಆದರೆ ‘ಅಚ್ಚಳಿಯದ ನೆನಪು’ ಎನ್ನುವಾಗ ಅಚ್ಚು ಎಂದರೆ ಮೂಡಿದ ಗುರುತು. ಬೆರಳಚ್ಚು, ನೆರಳಚ್ಚುಗಳಲ್ಲೂ ಕಾಗದದ ಮೇಲೆ ಬಂದದ್ದೇ ಮುಖ್ಯ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದ ಕಲ್ಲಚ್ಚಿನಲ್ಲಿ ಕಲ್ಲು ಸಾಧನ, ಅಚ್ಚು ಅದರ ಫಲ. ಹಾಗಾಗಿ ಸಾಧನಕ್ಕೆ ‘ಮುದ್ರೆ’, ಗುರುತಿಗೆ ‘ಅಚ್ಚು’ ಎಂದು ಬೇರ್ಪಡಿಸುವುದೇ ಸರಿ ಎನಿಸಿದೆ. ಆಗ ಕ್ಲಿಯರ್ ಸ್ಟ್ಯಾಂಪ್ ‘ತಿಳಿಮುದ್ರೆ’ ಆಗುತ್ತದೆ.

ಮಂಕು ಗುರುತಿಗೆ ‘ನೆರಳಚ್ಚು’ ಎಷ್ಟು ಒಪ್ಪುತ್ತಿತ್ತು, ಆದರೆ ಅದು ಜೆರಾಕ್ಸ್ ಪ್ರತಿಗೆ ಸಂದುಹೋಗಿದೆ. ‘ಪಡಿಯಚ್ಚು’ ಎಂದರೆ ತದ್ರೂಪ, ಇಲ್ಲಿ ಬೇಕಾದದ್ದು ತುಸು ಬೇರೆಯಾದದ್ದು. ಈಗ ‘ಮರಿಯಚ್ಚು’ ಎಂದು ಬರೆದಿಟ್ಟಿದ್ದೇನೆ: ಮೊದಲ ಅಚ್ಚಿನ ಉಳಿಕೆಯಿಂದ ಹುಟ್ಟಿದ್ದು. ಗಾತ್ರದಲ್ಲಿ ಚಿಕ್ಕದು ಎಂದು ಓದುಗರು ತಿಳಿದುಕೊಳ್ಳುವ ಅಪಾಯವಿದೆ, ಗಾತ್ರ ಬದಲಾಗುವುದೇ ಇಲ್ಲ.

ಉಳಿದವು ಇಷ್ಟು ಕಾಡಲಿಲ್ಲ. ಮುದ್ರೆಯ ಒಂದು ಭಾಗಕ್ಕೆ ಮಾತ್ರ ಶಾಯಿ ಹಚ್ಚಿ ಒತ್ತಿದರೆ ‘ಅರೆಯಚ್ಚು’, ಹಸಿ ಶಾಯಿಯ ಮೇಲೆ ಪುಡಿ ಉದುರಿಸಿ ಬಿಸಿಗಾಳಿಯಲ್ಲಿ ಕರಗಿಸಿದರೆ ‘ಉಬ್ಬಚ್ಚು’. ಮೊದಲ ಚಿತ್ರವನ್ನು ಅದೇ ಆಕಾರದ ಕಾಗದದಿಂದ ಮುಚ್ಚಿ, ಅದರ ಅಂಚನ್ನು ಹಾಯುವಂತೆ ಇನ್ನೊಂದನ್ನು ಒತ್ತಿದರೆ ಎರಡನೆಯದು ಹಿಂದೆ ನಿಂತಂತೆ ಕಾಣುತ್ತದಲ್ಲ, ಆ ಕಾಗದಕ್ಕೆ ‘ಮರೆಚೀಟಿ’ ಎಂದಿದ್ದೇನೆ.

ಬಟ್ಟೆಯ ಮೇಲೆ ಅಚ್ಚೊತ್ತುವ ಕೆಲಸ ಬಲ್ಲವರು ಇಲ್ಲಿದ್ದರೆ, ಬಣ್ಣ ಇಳಿದುಹೋದ ಎರಡನೆಯ ಒತ್ತಿಗೆ ನೀವು ಬಳಸುವ ಮಾತು ಯಾವುದು, ದಯವಿಟ್ಟು ತಿಳಿಸಿ. ಉಳಿದವರು ಈ ಸಾಲನ್ನು ಒಮ್ಮೆ ಓದಿ ನೋಡಿ: “ತಿಳಿಮುದ್ರೆಯನ್ನು ಮತ್ತೆ ಶಾಯಿಗೆ ತಾಗಿಸದೆ ಒತ್ತಿ ಮರಿಯಚ್ಚು ಮೂಡಿಸಿ.” ಯಾವ ವಿವರಣೆಯೂ ಇಲ್ಲದೆ ನಿಮ್ಮ ಕಣ್ಣ ಮುಂದೆ ಬಂದದ್ದು ಮಂಕಾದ ಎಲೆಯೋ, ಪುಟ್ಟ ಎಲೆಯೋ?

ವಂದನೆಗಳು.