ಆಸ್ಕರ್ ಪಟ್ಟಿಗೆ ನಾವೇ ಮತ ಹಾಕುವುದಾದರೆ: ಮೇಕಪ್ಪೋ ನಟನೆಯೋ, ಮುಖ್ಯವೋ ಪೋಷಕವೋ, ಎಣಿಕೆ ಹೇಗೆ?

ಪರದೆಪ್ರಿಯ (ಪ್ರಶ್ನೆ)

ಇಪ್ಪತ್ತು ಜನ ಸೇರಿ ಹಳೆಯ ಆಸ್ಕರ್ ಪಟ್ಟಿಗಳನ್ನು ಮುಂದಿಟ್ಟುಕೊಂಡು, ಪ್ರಶಸ್ತಿ ಯಾರಿಗೆ ಸಲ್ಲಬೇಕಿತ್ತು ಅಂತ ನಾವೇ ಮತ ಹಾಕುತ್ತಿದ್ದೇವೆ. ಮೂರು ಕಡೆ ವಾದ ಮುಂದೆ ಹೋಗುತ್ತಲೇ ಇಲ್ಲ.

ಮೊದಲನೆಯದು 2018ರ ಸಮಾರಂಭದ ಅತ್ಯುತ್ತಮ ನಟ. ಗೆದ್ದದ್ದು ‘ಡಾರ್ಕೆಸ್ಟ್ ಅವರ್’ನಲ್ಲಿ ಚರ್ಚಿಲ್ ಪಾತ್ರ ಮಾಡಿದ ಗ್ಯಾರಿ ಓಲ್ಡ್‌ಮನ್. ಅರ್ಧದಷ್ಟು ಜನ ಅದು ಮೇಕಪ್ಪಿಗೆ ಸಿಕ್ಕ ಗೆಲುವು, ‘ಕಾಲ್ ಮಿ ಬೈ ಯುವರ್ ನೇಮ್’ನ ತಿಮೊಥಿ ಶಾಲಮೆಗೆ ಬರಬೇಕಿತ್ತು ಅನ್ನುತ್ತಾರೆ. ವೇಷವನ್ನೂ ನಟನೆಯನ್ನೂ ಬೇರೆ ಮಾಡಿ ನೋಡುವುದು ಹೇಗೆ?

ಎರಡನೆಯದು, 2021ರಲ್ಲಿ ‘ಜೂಡಸ್ ಅಂಡ್ ದ ಬ್ಲ್ಯಾಕ್ ಮೆಸಾಯ’ದ ಡೇನಿಯಲ್ ಕಲೂಯಾ, ಲೇಕೀತ್ ಸ್ಟ್ಯಾನ್‌ಫೀಲ್ಡ್ ಇಬ್ಬರೂ ಪೋಷಕ ನಟರ ಪಟ್ಟಿಯಲ್ಲಿ. ಹಾಗಾದರೆ ಆ ಚಿತ್ರದ ಮುಖ್ಯ ನಟ ಯಾರು?

ಮೂರನೆಯದು ಎಣಿಕೆ. ನಮ್ಮಲ್ಲಿ ಅತಿ ಹೆಚ್ಚು ಮತ ಬಿದ್ದ ಚಿತ್ರ ಉಳಿದ ಅರ್ಧ ಜನಕ್ಕೆ ಕಣ್ಣಿಗೇ ಆಗದ ಚಿತ್ರ. ಆಸ್ಕರ್‌ನಲ್ಲಿ ಇದಕ್ಕೆ ಏನು ಮಾಡುತ್ತಾರೆ?

ಮೂರನೇಸಾಲು

ಮೊದಲ ಪ್ರಶ್ನೆಗೆ ನನ್ನ ಮತ ಶಾಲಮೆಗೆ. ಕಾರಣಕ್ಕೆ ಚಿತ್ರದ ಕೊನೆಯ ಶಾಟ್ ಒಂದೇ ಸಾಕು.

ಎಲಿಯೊ (ಶಾಲಮೆ) ಪ್ರೀತಿಸಿದ್ದ ಆಲಿವರ್ ಫೋನ್ ಮಾಡಿ ತನ್ನ ಮದುವೆ ನಿಶ್ಚಯವಾಗಿದೆ ಎಂದು ಹೇಳಿ ಆಗಿದೆ. ಎಲಿಯೊ ಬಂದು ಅಗ್ಗಿಷ್ಟಿಕೆಯ ಮುಂದೆ ಕೂರುತ್ತಾನೆ. ಕ್ಯಾಮೆರಾ ಅವನ ಮುಖದ ಮಟ್ಟಕ್ಕೇ ಇದೆ, ಅಲ್ಲಾಡುವುದಿಲ್ಲ. ಕಟ್ ಇಲ್ಲ, ಮಾತಿಲ್ಲ. ಪಕ್ಕದಲ್ಲಿ ಹೆಸರುಗಳು ಮೂಡುತ್ತಿವೆ, ಹಿಂದೆ ಮಸುಕಾಗಿ ಊಟದ ಮೇಜು ಸಜ್ಜಾಗುತ್ತಿದೆ. ಕಣ್ಣು ತುಂಬುತ್ತದೆ, ಒಂದು ಗಳಿಗೆ ನಗು ಸುಳಿದು ಹೋಗುತ್ತದೆ, ಮತ್ತೆ ಅಳು. ಮೂರು ನಿಮಿಷ ದಾಟಿದ ಮೇಲೆ ಅಮ್ಮ ಹೆಸರು ಹಿಡಿದು ಕರೆಯುತ್ತಾಳೆ, ಅವನು ತಿರುಗುತ್ತಾನೆ. ಇಲ್ಲಿ ನಟನ ನೆರವಿಗೆ ಸಂಭಾಷಣೆ ಬರುವುದಿಲ್ಲ, ಸಂಕಲನವೂ ಬರುವುದಿಲ್ಲ. ಎಲ್ಲೋ ಒಂದು ಸೆಕೆಂಡು ಸುಳ್ಳಾದರೂ ಇಡೀ ಶಾಟ್ ಕೆಡುತ್ತಿತ್ತು. ಹಾಡೊಂದು ಜೊತೆಗಿದೆ ನಿಜ. ಅದನ್ನು ಮ್ಯೂಟ್ ಮಾಡಿ ನೋಡಿ, ಮುಖದಲ್ಲಿ ನಡೆಯುವುದೇನೂ ಕಮ್ಮಿಯಾಗುವುದಿಲ್ಲ.

ವೇಷ ಬೇರೆ, ನಟನೆ ಬೇರೆ ಮಾಡಲು ದಾರಿ ಇದೇ. ಒಂದೇ ದೃಶ್ಯವನ್ನು ಮೊದಲು ಸದ್ದಿಲ್ಲದೆ ನೋಡಿ, ಆಮೇಲೆ ಕಣ್ಣು ಮುಚ್ಚಿ ಕೇಳಿ. ಮೂರನೇ ಸಲ ಎದುರಿನ ಪಾತ್ರ ಮಾತಾಡುವಾಗ ನಿಮ್ಮ ನಟ ಏನು ಮಾಡುತ್ತಿದ್ದಾನೆ ಅಂತ ಮಾತ್ರ ಗಮನಿಸಿ. ತನ್ನ ಸರದಿಗೆ ಕಾಯುತ್ತಿದ್ದಾನೋ, ಕೇಳಿಸಿಕೊಳ್ಳುತ್ತಿದ್ದಾನೋ? ಮತದಾರರು ಎಡವುವುದು ಹೆಚ್ಚಾಗಿ ಇಲ್ಲೇ. ನೆನಪಿನಲ್ಲಿ ಉಳಿಯುವುದು ಕೂಗಾಡಿದ ದೃಶ್ಯ, ಪಾತ್ರ ನಿಲ್ಲುವುದು ಸುಮ್ಮನೆ ಕೇಳಿಸಿಕೊಂಡ ದೃಶ್ಯಗಳ ಮೇಲೆ.

ಬಣ್ಣದಮನೆ

ಮೂರನೇಸಾಲು ಅವರೇ, ನೀವು ಹೇಳಿದ ವಿಧಾನ ಒಪ್ಪಿದೆ, ತೀರ್ಪು ಒಪ್ಪಲಾರೆ. ಅದೇ ಪರೀಕ್ಷೆಯನ್ನು ಓಲ್ಡ್‌ಮನ್‌ಗೂ ಮಾಡೋಣ.

ಮೇಕಪ್ಪಿಗೆ ಅದರದೇ ಪ್ರಶಸ್ತಿ ಇದೆ, ಅದೇ ರಾತ್ರಿ ಕಝುಹಿರೊ ತ್ಸುಜಿ ಮತ್ತು ಅವರ ಇಬ್ಬರು ಜೊತೆಗಾರರಿಗೆ ಅದು ಬಂತು. ಆ ಲೆಕ್ಕ ಅಲ್ಲಿಗೆ ಮುಗಿಯಿತು. ಈಗ ಚರ್ಚಿಲ್ ಇಕ್ಕಟ್ಟಾದ ಕೋಣೆಯಲ್ಲಿ ಒಬ್ಬನೇ ಕೂತು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಫೋನ್ ಮಾಡುವ ದೃಶ್ಯ ತೆಗೆಯಿರಿ. ಸುತ್ತ ಕತ್ತಲು, ತಲೆಯ ಮೇಲೆ ಒಂದಿಷ್ಟು ಬೆಳಕು. ಎದುರಿಗೆ ನಟರಿಲ್ಲ, ಕಿವಿಗೆ ಬರುವುದು ದೂರದ ಒಂದು ದನಿ ಮಾತ್ರ. ಹಡಗು ಕೊಡಿ ಅಂತ ಕೇಳುತ್ತಾನೆ, ಆಗುವುದಿಲ್ಲ. ದುಡ್ಡು ಕೊಟ್ಟ ವಿಮಾನವನ್ನಾದರೂ ಕೊಡಿ ಅನ್ನುತ್ತಾನೆ, ಅದಕ್ಕೂ ಕಾನೂನು ಅಡ್ಡ. ಕೆನಡಾ ಗಡಿಯವರೆಗೆ ವಿಮಾನ ಎಳೆಸಲು ಕುದುರೆಗಳ ಮಾತು ಬರುತ್ತದೆ. ಪ್ರಧಾನಿಯ ಗತ್ತಿನಲ್ಲಿ ಶುರುವಾದ ದನಿ ಒಂದೊಂದು ಮೆಟ್ಟಿಲೇ ಇಳಿದು ಬೇಡುವವನ ದನಿಯಾಗುತ್ತದೆ, ಆದರೂ ಮರ್ಯಾದೆ ಬಿಡದೆ ಮಾತಾಡಲು ಹೆಣಗುತ್ತದೆ. ಕಣ್ಣು ಮುಚ್ಚಿ ಕೇಳಿ, ಇದರಲ್ಲಿ ಮೇಕಪ್ಪಿನ ಸಿಲಿಕೋನ್‌ನ ಪಾಲೆಷ್ಟು?

ಇನ್ನೊಂದು ಮಾತು. ಕೆನ್ನೆ, ಗಲ್ಲ, ಕತ್ತು ತುಂಬಿಸಿದ ಮೇಲೆ ಸಣ್ಣ ಭಾವ ಹೊರಗೆ ಕಾಣುವುದಿಲ್ಲ. ನಟ ಒಳಗಿನಿಂದ ಹೆಚ್ಚು ನೂಕಬೇಕು, ಹೆಚ್ಚಾಯಿತೋ ಮುಖವಾಡ ಕುಣಿದ ಹಾಗೆ ಕಾಣುತ್ತದೆ. ಮೇಕಪ್ ನಟನಿಗೆ ಊರುಗೋಲು ಅನ್ನುವವರು ಅದು ಹೊರೆಯೂ ಹೌದು ಎಂಬುದನ್ನು ಮರೆಯುತ್ತಾರೆ. ಬರೀ ಹೋಲಿಕೆಗೆ ಮತ ಹಾಕಬಾರದು ಎಂಬುದು ಸರಿ. ವೇಷ ಇದೆ ಎಂಬ ಕಾರಣಕ್ಕೇ ಮತ ಕಸಿಯುವುದೂ ತಪ್ಪೇ.

ಕತ್ತರಿಕಾಗದ

ಮುಖ್ಯ, ಪೋಷಕ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಿಯಮ ತಿಳಿಯದೆ ಎಷ್ಟು ವಾದಿಸಿದರೂ ವ್ಯರ್ಥ.

ಯಾವ ನಟ ಯಾವ ವಿಭಾಗ ಎಂದು ಆಸ್ಕರ್ ಕೊಡುವ ಅಕಾಡೆಮಿ ಮೊದಲೇ ಗೆರೆ ಎಳೆಯುವುದಿಲ್ಲ. ನಾಮನಿರ್ದೇಶನದ ಸುತ್ತಿನಲ್ಲಿ ಮತ ಹಾಕುವುದು ನಟರ ಶಾಖೆಯ ಸದಸ್ಯರು, ವಿಭಾಗ ತೀರ್ಮಾನಿಸುವುದೂ ಪ್ರತಿಯೊಬ್ಬ ಮತದಾರನೇ. ನಿರ್ಮಾಣ ಸಂಸ್ಥೆಯ ಪ್ರಚಾರ ಬರೀ ಸಲಹೆ. ಒಂದೇ ಅಭಿನಯಕ್ಕೆ ಎರಡೂ ಕಡೆ ಮತ ಬಿದ್ದರೆ, ಎಣಿಕೆಯಲ್ಲಿ ಯಾವ ಕಡೆ ಮೊದಲು ಬೇಕಾದಷ್ಟು ಮತ ಮುಟ್ಟುತ್ತದೋ ಆ ಕಡೆಗೆ ಮಾತ್ರ ಸೇರುತ್ತದೆ. ಹಿಂದೆ ಹೀಗಿರಲಿಲ್ಲ. ‘ಗೋಯಿಂಗ್ ಮೈ ವೇ’ (1944) ಚಿತ್ರದ ಒಂದೇ ಪಾತ್ರಕ್ಕೆ ಬ್ಯಾರಿ ಫಿಟ್ಜೆರಾಲ್ಡ್ ಎರಡೂ ವಿಭಾಗದಲ್ಲಿ ನಾಮನಿರ್ದೇಶನ ಪಡೆದು ಪೋಷಕ ನಟ ಪ್ರಶಸ್ತಿ ಗೆದ್ದರು. ಆಮೇಲೆ ಆ ಬಾಗಿಲು ಮುಚ್ಚಿದರು.

‘ಜೂಡಸ್’ನಲ್ಲಿ ಆದದ್ದು ಇದರ ಫಲವೇ. ಸ್ಟ್ಯಾನ್‌ಫೀಲ್ಡ್ ಪರ ಪ್ರಚಾರ ನಡೆದದ್ದು ಮುಖ್ಯ ನಟನೆಂದು. ಮತದಾರರು ಅವರನ್ನು ಪೋಷಕ ವಿಭಾಗಕ್ಕೆ ತಳ್ಳಿದರು, ಅಲ್ಲಿ ಕಲೂಯಾ ಗೆದ್ದರು. ‘ದ ರೀಡರ್’ನ ಕೇಟ್ ವಿನ್ಸ್ಲೆಟ್ ವಿಷಯದಲ್ಲಿ ಗಾಳಿ ಎದುರು ದಿಕ್ಕಿಗೆ ಬೀಸಿತ್ತು: ಪ್ರಚಾರ ಪೋಷಕ ನಟಿಗೆ, ಅಕಾಡೆಮಿ ಮುಖ್ಯ ನಟಿಯ ಪಟ್ಟಿಗೆ ಸೇರಿಸಿತು, 2009ರಲ್ಲಿ ಅಲ್ಲೇ ಗೆದ್ದರು.

ನನ್ನ ಲೆಕ್ಕದಲ್ಲಿ ‘ಜೂಡಸ್’ನ ಮುಖ್ಯ ನಟ ಸ್ಟ್ಯಾನ್‌ಫೀಲ್ಡ್, ಅನುಮಾನವೇ ಇಲ್ಲ. ಬ್ಲ್ಯಾಕ್ ಪ್ಯಾಂಥರ್ ನಾಯಕನ ವಿರುದ್ಧ ಎಫ್‌ಬಿಐ ಮಾಹಿತಿದಾರನಾಗಲು ಒಪ್ಪಿಕೊಳ್ಳುವುದು ಅವನ ಪಾತ್ರ, ಹೆಜ್ಜೆ ಹೆಜ್ಜೆಗೂ ಹಿಂದೆ ಸರಿಯಬಹುದಿತ್ತು ಎಂಬ ಒತ್ತಡ ಇರುವುದು ಅವನ ಮೇಲೆ, ಕಥೆ ಕೊನೆಗೆ ಬಂದು ನಿಲ್ಲುವುದೂ ಅವನ ಬಳಿ. ಆ ನಾಯಕನಾಗಿ ಕಲೂಯಾ ಬಂದಾಗ ಪರದೆ ತುಂಬುತ್ತದೆ, ಆದರೆ ಆ ಪಾತ್ರಕ್ಕೆ ನಿಲುವು ಮೊದಲಿಂದಲೇ ಸಿದ್ಧವಾಗಿದೆ. ಯಾರ ನಿರ್ಧಾರದಿಂದ ಕಥೆ ತಿರುಗುತ್ತದೋ ಅವರು ಮುಖ್ಯ ಎಂದು ಹಿಡಿದರೆ ಹೆಚ್ಚಿನ ಗಂಟುಗಳು ಬಿಡುತ್ತವೆ.

ನಿಮಿಷ ಎಣಿಸುವುದು ಸುಲಭ ಅನ್ನಿಸುತ್ತದೆ, ಆದರೆ ಅದು ಮೋಸಮಾಡುತ್ತದೆ. ‘ದ ಸೈಲೆನ್ಸ್ ಆಫ್ ದ ಲ್ಯಾಂಬ್ಸ್’ 118 ನಿಮಿಷದ ಚಿತ್ರ. ಆಂಥನಿ ಹಾಪ್ಕಿನ್ಸ್ ಅದರಲ್ಲಿರುವುದು 16 ನಿಮಿಷ ಅನ್ನುವವರಿದ್ದಾರೆ, 25ರ ಹತ್ತಿರ ಅನ್ನುವವರೂ ಇದ್ದಾರೆ. ಮುಖ ಕಂಡ ಫ್ರೇಮ್ ಮಾತ್ರ ಎಣಿಸುತ್ತೀರೋ, ದೃಶ್ಯದಲ್ಲಿ ಆತ ಇದ್ದಷ್ಟು ಹೊತ್ತೂ ಎಣಿಸುತ್ತೀರೋ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಯಾವ ಲೆಕ್ಕ ಹಿಡಿದರೂ ಚಿತ್ರದ ಕಾಲು ಭಾಗಕ್ಕಿಂತ ಕಡಿಮೆ, ಗೆದ್ದದ್ದು ಮುಖ್ಯ ನಟ ಪ್ರಶಸ್ತಿ. ಆತ ಇಲ್ಲದ ದೃಶ್ಯಗಳಲ್ಲೂ ಆತನದೇ ಭಯ ಇದೆಯಲ್ಲ, ಹಾಗಾಗಿ ಜನ ಒಪ್ಪಿದರು. ನನಗೆ ಮಾತ್ರ ಅದು ಪೋಷಕ ಪಾತ್ರವೇ. ಕಥೆ ನಡೆಸುವವಳು ತನಿಖೆಗೆ ಬಂದ ಕ್ಲಾರಿಸ್.

ಒಂದು ಚಿತ್ರಕ್ಕೆ ಒಬ್ಬರೇ ಮುಖ್ಯ ನಟ ಇರಬೇಕು ಎಂದೇನೂ ಇಲ್ಲ. ‘ಅಮೇಡಿಯಸ್’ನ ಮರ್ರೆ ಅಬ್ರಹಾಂ, ಟಾಮ್ ಹಲ್ಸ್ ಇಬ್ಬರೂ ಮುಖ್ಯ ನಟರ ಪಟ್ಟಿಯಲ್ಲಿದ್ದರು, ಅಬ್ರಹಾಂ ಗೆದ್ದರು. ‘ಥೆಲ್ಮಾ ಅಂಡ್ ಲೂಯಿಸ್’ನ ಜೀನಾ ಡೇವಿಸ್, ಸುಸಾನ್ ಸರಾಂಡನ್ ಕೂಡ ಹಾಗೆಯೇ, ಆದರೆ ಇಬ್ಬರೂ ಸೋತರು. ಮತ ಒಡೆಯುತ್ತದೆ ಎಂಬ ಹೆದರಿಕೆಗೇ ಒಬ್ಬರನ್ನು ಪೋಷಕ ವಿಭಾಗಕ್ಕೆ ಸರಿಸುವ ಅಭ್ಯಾಸ ಬೆಳೆಯಿತು. ಅದರಿಂದ ಪೆಟ್ಟು ತಿನ್ನುವುದು ನಾಲ್ಕೇ ದೃಶ್ಯದಲ್ಲಿ ಪ್ರಾಣ ತುಂಬುವ ನಿಜವಾದ ಪೋಷಕ ನಟರು. ಅವರಿಗಿರುವುದು ಅದೊಂದೇ ಜಾಗ, ಅದನ್ನೂ ಬಿಟ್ಟುಕೊಡಬೇಡಿ.

ಮತಪೆಟ್ಟಿಗೆ

ಎಣಿಕೆ. ಆಸ್ಕರ್‌ನಲ್ಲಿ ಒಂದೇ ಪದ್ಧತಿ ಇಲ್ಲ, ಗೊಂದಲದ ಬೇರು ಅದೇ.

ನಟನಾ ವಿಭಾಗದ ನಾಮನಿರ್ದೇಶನದಲ್ಲಿ ಹೆಸರುಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಸ್ಥಾನ 5 ಇದ್ದರೆ ಒಟ್ಟು ಮತವನ್ನು 6ರಿಂದ ಭಾಗಿಸಿ, ಪೂರ್ಣಾಂಕಕ್ಕೆ 1 ಕೂಡಿಸಿ. ನಿಮ್ಮ 20 ಜನಕ್ಕೆ ಅದು 4. ಅಂದರೆ ನಾಲ್ವರಿಂದ ಹೃದಯಪೂರ್ವಕ ಮೊದಲ ಸ್ಥಾನ ಪಡೆದವರು ಒಳಗೆ ಬರುತ್ತಾರೆ. ಎಲ್ಲರ ಪಟ್ಟಿಯಲ್ಲೂ ಐದನೆಯವರಾಗಿ ಇದ್ದವರು ಹೊರಗೆ ಉಳಿಯಬಹುದು. 2020ರಲ್ಲಿ ‘ಪ್ಯಾರಸೈಟ್’ 6 ನಾಮನಿರ್ದೇಶನ ಪಡೆದು 4 ಗೆದ್ದರೂ ನಟನೆಗೆ ಒಂದೂ ಬರಲಿಲ್ಲ. ಅದೇ ವರ್ಷ ಅಮೆರಿಕದ ನಟರ ಸಂಘ ಅದರ ಇಡೀ ತಾರಾಗಣಕ್ಕೆ ಪ್ರಶಸ್ತಿ ಕೊಟ್ಟಿತ್ತು. ಎಲ್ಲರೂ ಸಮನಾಗಿ ಹೊತ್ತ ಚಿತ್ರದಲ್ಲಿ ಮೊದಲ ಸ್ಥಾನದ ಮತ ಒಬ್ಬರ ಮೇಲೆ ಕೂಡಿಕೊಳ್ಳುವುದು ಕಷ್ಟ.

ಅಂತಿಮ ಸುತ್ತಿನಲ್ಲಿ ನಟನೆ, ನಿರ್ದೇಶನ, ಸಂಕಲನ ಎಲ್ಲಕ್ಕೂ ನೇರ ಎಣಿಕೆ: ಹೆಚ್ಚು ಮತ ಬಂದವರು ಗೆದ್ದರು. ನಿಮ್ಮ 20 ಮತ 5, 4, 4, 4, 3 ಎಂದು ಹರಿದು ಹೋದರೆ ಐದೇ ಮತಕ್ಕೆ ಗೆಲುವು!

ಅತ್ಯುತ್ತಮ ಚಿತ್ರಕ್ಕೆ ಮಾತ್ರ ಬೇರೆ ದಾರಿ. 2009ರಲ್ಲಿ ಸ್ಪರ್ಧೆಗೆ 10 ಚಿತ್ರ ಬಿಟ್ಟಾಗ ಆದ್ಯತಾ ಮತವೂ ಬಂತು: ಚಿತ್ರಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು, ತಳದ್ದನ್ನು ತೆಗೆಯುತ್ತ ಎಣಿಸುತ್ತಾರೆ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಚಿತ್ರ ಕ, ಖ, ಗ, ಘ. ಮೊದಲ ಸ್ಥಾನದ ಮತ ಕ್ರಮವಾಗಿ 8, 5, 4, 3. ಗೆಲ್ಲಲು ಅರ್ಧಕ್ಕಿಂತ ಹೆಚ್ಚು, ಅಂದರೆ 11 ಬೇಕು. ಯಾರಿಗೂ ಇಲ್ಲ. ತಳದಲ್ಲಿರುವ ಘ ಹೊರಗೆ. ಆ 3 ಚೀಟಿಗಳಲ್ಲಿ ಎರಡನೆಯದಾಗಿ ಗ ಇದೆ ಅಂದುಕೊಳ್ಳಿ, ಈಗ ಕ 8, ಗ 7, ಖ 5. ಮುಂದೆ ಖ ಹೊರಗೆ. ಅದರ 5 ಚೀಟಿಗಳಲ್ಲಿ 4 ಗ ಕಡೆಗೆ, 1 ಕ ಕಡೆಗೆ. ಕ 9, ಗ 11. ಮೊದಲ ಎಣಿಕೆಯಲ್ಲಿ ಮೂರನೆಯದಾಗಿದ್ದ ಗ ಗೆಲ್ಲುತ್ತದೆ. ನಿಮ್ಮ ಅರ್ಧ ಜನಕ್ಕೆ ಆಗದ ಚಿತ್ರ ಇಲ್ಲಿ ಕ. ಪ್ರೀತಿಸುವವರು ಎಂಟು ಜನ ಇದ್ದಾರೆ, ಉಳಿದವರಲ್ಲಿ ಹೆಚ್ಚಿನವರ ಚೀಟಿಯಲ್ಲಿ ಅದು ಕೆಳಗಿದೆ.

2019ರಲ್ಲಿ ನಿರ್ದೇಶನ ‘ರೋಮಾ’ಕ್ಕೆ, ಚಿತ್ರ ‘ಗ್ರೀನ್ ಬುಕ್’ಗೆ, 2022ರಲ್ಲಿ ನಿರ್ದೇಶನ ಜೇನ್ ಕ್ಯಾಂಪಿಯನ್‌ಗೆ, ಚಿತ್ರ ‘ಕೋಡಾ’ಕ್ಕೆ. ಇಂಥ ವಿಭಜನೆ ನೋಡುವಾಗ ಎರಡು ಪ್ರಶಸ್ತಿಗೂ ಎಣಿಕೆ ಬೇರೆ ಎಂಬುದು ನೆನಪಿರಲಿ.

ನಡೆಸುವಾಗ ಕೆಡುವುದು ಎಲ್ಲಿ ಅಂದರೆ: ಕೆಲವರು ಒಂದೇ ಹೆಸರು ಬರೆದು ಚೀಟಿ ಮಡಚುತ್ತಾರೆ. ಆ ಚಿತ್ರ ಬಿದ್ದುಹೋದರೆ ಚೀಟಿಯೂ ಸತ್ತಂತೆ, ಆಮೇಲೆ ಬಹುಮತ ಲೆಕ್ಕ ಹಾಕಬೇಕಾದ್ದು ಉಳಿದ ಚೀಟಿಗಳ ಮೇಲೆ. ಒಂದೇ ಚಿತ್ರವನ್ನು ನಾಲ್ಕು ಸಲ ಬರೆದರೂ ಪ್ರಯೋಜನವಿಲ್ಲ. ತಳದಲ್ಲಿ ಎರಡು ಚಿತ್ರ ಸಮವಾದರೆ ಯಾವುದನ್ನು ತೆಗೆಯಬೇಕು ಎಂಬುದನ್ನು ಚೀಟಿ ಬಿಚ್ಚುವ ಮೊದಲೇ ಬರೆದಿಡಿ, ಬಿಚ್ಚಿದ ಮೇಲೆ ಯಾರೂ ಒಪ್ಪುವುದಿಲ್ಲ. ಇನ್ನು ನೋಡದೆ ಹಾಕುವ ಮತ. ಒಂದು ವಿಭಾಗದ ಅಂತಿಮ ಮತ ಹಾಕಬೇಕಾದರೆ ಅದರ ಎಲ್ಲ ಚಿತ್ರಗಳನ್ನೂ ನೋಡಿರಲೇಬೇಕು ಎಂದು ಅಕಾಡೆಮಿ 2025ರಲ್ಲಿ ನಿಯಮ ಮಾಡಿತು. ಇಷ್ಟು ತಡವಾಗಿ ಬಂದದ್ದು ನನಗೆ ಬೇಸರ, ಬಂದದ್ದು ಸಂತೋಷ. ನೀವು ಮೊದಲ ದಿನದಿಂದಲೇ ಹಿಡಿಯಿರಿ.

ಪರದೆಪ್ರಿಯ

ಎಲ್ಲರಿಗೂ ಧನ್ಯವಾದ. ‘ಜೂಡಸ್’ ಗಂಟು ಬಿಟ್ಟಿತು. ಎಣಿಕೆಯನ್ನು ಈ ವಾರವೇ ಹೀಗೆ ಮಾಡುತ್ತೇವೆ. ಕತ್ತರಿಕಾಗದ ಅವರೇ, ಇನ್ನೊಂದು ಉಳಿದಿದೆ: 2019ರಲ್ಲಿ ಸಂಕಲನ ಪ್ರಶಸ್ತಿ ‘ಬೊಹೀಮಿಯನ್ ರಾಪ್ಸೊಡಿ’ಗೆ ಸಲ್ಲಬೇಕಿತ್ತೇ?

ಕತ್ತರಿಕಾಗದ

ನನ್ನ ಉತ್ತರ ಇಲ್ಲ. ಆದರೆ ಗೆದ್ದದ್ದು ಏಕೆ ಎಂದು ಅರ್ಥವಾಗುತ್ತದೆ. ಚಿತ್ರೀಕರಣದ ನಡುವೆ ನಿರ್ದೇಶಕರನ್ನು ತೆಗೆದು ಬೇರೆಯವರಿಂದ ಮುಗಿಸಿದ ಚಿತ್ರ ಅದು. ಕೊನೆಯ ಲೈವ್ ಏಡ್ ಕಛೇರಿಯಲ್ಲಿ ವೇದಿಕೆ, ಪ್ರೇಕ್ಷಕರು, ಮನೆಯಲ್ಲಿ ಟಿವಿ ನೋಡುವವರು ಎಲ್ಲವನ್ನೂ ಹಾಡಿನ ಲಯಕ್ಕೆ ಹೊಲಿದಿದ್ದಾರೆ, ಮತದಾರ ಥಿಯೇಟರಿನಿಂದ ಹೊರಬರುವುದು ಅದೇ ನೆನಪಿನಲ್ಲಿ. ಸಂಕಲನಕಾರನ ಕೈಗೆ ಎಂಥ ಸಾಮಗ್ರಿ ಬಂದಿತ್ತು ಎಂಬುದು ಹೊರಗಿನವರಿಗೆ ಕಾಣುವುದೂ ಇಲ್ಲ.

ಆದರೆ ಚಿತ್ರದ ಕ್ವೀನ್ ಸಂಗೀತ ತಂಡದವರು ಮ್ಯಾನೇಜರ್ ಆಗಲಿರುವವನನ್ನು ಹೊರಾಂಗಣದ ಮೇಜಿನ ಸುತ್ತ ಕೂತು ಭೇಟಿಯಾಗುವ ದೃಶ್ಯ ಹಾಕಿ. ಪ್ರತಿ ಕಟ್‌ಗೆ ಒಬ್ಬರು ಮೇಜು ತಟ್ಟಲಿ. ತಟ್ಟಿದಾಗೆಲ್ಲ ಒಂದೇ ಪ್ರಶ್ನೆ ಕೇಳಿ: ಈ ಕಟ್‌ನಿಂದ ಹೊಸದಾಗಿ ಏನು ಕಂಡಿತು? ಯಾರೋ ಮಾತಾಡಿದರೇ, ಯಾರದೋ ಮುಖ ಬದಲಾಯಿತೇ? ಬಹಳ ಕಡೆ ಏನೂ ಇಲ್ಲ. ಮಾತು ಮುಗಿಯುವ ಮೊದಲೇ ಬೇರೆ ಮುಖ, ಅದು ಪ್ರತಿಕ್ರಿಯಿಸುವ ಮೊದಲೇ ಮತ್ತೊಂದು. ಆಮೇಲೆ ‘ವಿಪ್‌ಲ್ಯಾಶ್’ನ ಕೊನೆಯ ಡ್ರಮ್ ದೃಶ್ಯಕ್ಕೆ ಇದನ್ನೇ ಮಾಡಿ, 2015ರಲ್ಲಿ ಸಂಕಲನಕ್ಕೆ ಗೆದ್ದದ್ದು ಅದು. ತಟ್ಟಿ ಕೈ ನೋಯುತ್ತದೆ, ಆದರೆ ಪ್ರತಿ ತಟ್ಟಿಗೂ ಒಂದು ಉತ್ತರ ಸಿಗುತ್ತದೆ: ಬೆವರು, ಕೋಲು, ಗುರುವಿನ ಕಣ್ಣು, ಮತ್ತೆ ಕೋಲು.