ಸ್ವಾಧೀನ, ಅನುಭೋಗ, ಸ್ವಾಧೀನಾನುಭವ: ಯಾವುದು ಸರಿ?

ಬಲ್ಲವರಿಗೆ ನಮಸ್ಕಾರ. ಜಯನಗರದಲ್ಲಿ ನಾವು ಏಳೆಂಟು ಮಂದಿ ಭಾನುವಾರಗಳಂದು ಸೇರಿ, ಆಸ್ತಿ, ದುಡಿಮೆ, ಪ್ರಭುತ್ವಗಳ ಬಗ್ಗೆ, ಪ್ರಭುತ್ವವೇ ಬೇಡವೆನ್ನುವ ಅರಾಜಕತಾವಾದಿಗಳಿಗೂ ಮಾರ್ಕ್ಸ್‌ವಾದಿಗಳಿಗೂ ನಡೆದ ವಾಗ್ವಾದವನ್ನು ಕನ್ನಡದಲ್ಲೇ ಬರೆದುಕೊಂಡು ಓದುತ್ತಿದ್ದೇವೆ. ಒಂದು ಪದ ಮೂರು ವಾರಗಳಿಂದ ನಮ್ಮನ್ನು ಮುಂದಕ್ಕೆ ಹೋಗಗೊಟ್ಟಿಲ್ಲ.

ಫ್ರಾನ್ಸಿನ ಅರಾಜಕತಾವಾದಿ ಪ್ರೂಧೋನ್ 1840ರಲ್ಲಿ ಆಸ್ತಿಯೆಂದರೆ ಕಳವು ಎಂದಾಗ ಆತ ಖಂಡಿಸಿದ್ದು, ತಾನು ದುಡಿಯದೆ ಇನ್ನೊಬ್ಬರ ದುಡಿಮೆಯಿಂದ ಗೇಣಿ, ಬಾಡಿಗೆ, ಬಡ್ಡಿ ಎತ್ತುವ ಒಡೆತನವನ್ನೇ ಹೊರತು, ರೈತ ತಾನೇ ಉಳುವ ನೆಲವನ್ನಾಗಲಿ ಬಡಗಿಯ ಉಳಿ, ಸುತ್ತಿಗೆಗಳನ್ನಾಗಲಿ ಅಲ್ಲ. ಇವಕ್ಕೆ ಆತ ಫ್ರೆಂಚಿನಲ್ಲಿ 'ಪೊಸೆಸಿಯೋಂ' ಎಂಬ ಬೇರೆ ಪದವನ್ನೇ ಬಳಸಿದ. ನಾವು ಅದನ್ನು ಮೊದಲು 'ಸ್ವಾಧೀನ' ಎಂದು ಬರೆದೆವು. ಆದರೆ ಬೆಂಗಳೂರಿನ ಸುತ್ತಮುತ್ತ ಸ್ವಾಧೀನವೆಂದೊಡನೆ ನೆನಪಾಗುವುದು ಭೂಸ್ವಾಧೀನ, ಅಂದರೆ ಬಡಾವಣೆಗೋ ರಸ್ತೆಗೋ ಸರ್ಕಾರ ಜಮೀನು ತೆಗೆದುಕೊಳ್ಳುವುದು. ನಮ್ಮ ಬಳಗದಲ್ಲಿರುವ ರೈತ ಕುಟುಂಬದ ಹಿರಿಯರೊಬ್ಬರು ಆ ಸಾಲನ್ನು ಕೇಳಿ, "ಹಾಗಾದರೆ ಈತ ಸರ್ಕಾರದ ಪರವೇ?" ಎಂದರು. ಪ್ರಭುತ್ವವೇ ಬೇಡವೆಂದವನ ಮಾತು ಒಂದೇ ಪದದಿಂದ ತಲೆಕೆಳಗಾಗಿತ್ತು.

'ಅನುಭೋಗ' ಎನ್ನೋಣವೆಂದರೆ, ನಮ್ಮ ಬೀದಿಯ ಗೇಟುಗಳ ಮೇಲೆ 'ಮನೆ ಭೋಗ್ಯಕ್ಕಿದೆ' ಎಂಬ ಫಲಕಗಳು ತೂಗುತ್ತಿವೆ. ಭೋಗದ ಹಿಂದೆ ಇಡಿಗಂಟು ಪಡೆದ ಮಾಲೀಕನೊಬ್ಬ ಇದ್ದೇ ಇರುತ್ತಾನೆ. ಪಹಣಿಯ 9ನೆಯ ಕಾಲಮಿನಲ್ಲಿ ಮಾಲೀಕ, 12ನೆಯದರಲ್ಲಿ ಸಾಗುವಳಿದಾರ ಬರುವುದು ಪ್ರೂಧೋನನ ಭೇದಕ್ಕೆ ತುಂಬ ಹತ್ತಿರವಾದರೂ, 'ಸಾಗುವಳಿ' ನೆಲಕ್ಕೆ ಹೊಂದೀತೇ ಹೊರತು ಮನೆಗೆ, ಉಪಕರಣಕ್ಕೆ ಹೊಂದದು. ಕ್ರಯಪತ್ರಗಳಲ್ಲಿ ತಪ್ಪದೆ ಕಾಣುವ 'ಸ್ವಾಧೀನಾನುಭವ' ನನಗೆ ಹೆಚ್ಚು ಒಪ್ಪುತ್ತದೆ, ಏಕೆಂದರೆ ಕೈಯಲ್ಲಿರುವುದು, ಬಳಸುತ್ತಿರುವುದು ಎಂಬ ಎರಡು ಅರ್ಥಗಳೂ ಅದರಲ್ಲಿವೆ. ಅದು ಒಡೆತನದ ಪತ್ರದಿಂದಲೇ ಬಂದ ಪದ ಎಂಬ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ.

ಮಾರ್ಕ್ಸ್‌ನನ್ನು ಓದುವಾಗ ಇದೇ ತೊಡಕು ಬೇರೆ ರೂಪದಲ್ಲಿ ಬರುತ್ತದೆ. 1848ರ ಕಮ್ಯುನಿಸ್ಟ್ ಪ್ರಣಾಳಿಕೆಯಲ್ಲಿ ಆತನೂ ಆತನ ಒಡನಾಡಿ ಎಂಗೆಲ್ಸನೂ ತೊಡೆದುಹಾಕಬೇಕೆಂದದ್ದು ಬಂಡವಾಳಿಗರ ಆಸ್ತಿಯನ್ನು, ಆಸ್ತಿಯೆಂಬುದನ್ನೆಲ್ಲ ಅಲ್ಲ. ನಮ್ಮ ಆಡುಮಾತಿನ 'ಆಸ್ತಿ'ಯಲ್ಲಾದರೋ ಕಾರ್ಖಾನೆಯೂ ಇದೆ, ಸೈಟೂ ಇದೆ, ಮಗಳ ಮದುವೆಗೆಂದು ಕೂಡಿಟ್ಟ ಚಿನ್ನವೂ ಇದೆ. ಆದ್ದರಿಂದ 'ಖಾಸಗಿ ಆಸ್ತಿಯ ರದ್ದು' ಎಂದರೆ ಓದುಗರು ಮೊದಲು ಆ ಚಿನ್ನಕ್ಕೇ ಹೆದರುತ್ತಾರೆ. ಇಲ್ಲಿ 'ಉತ್ಪಾದನಾ ಸಾಧನಗಳ ಒಡೆತನ' ಎಂದು ಉದ್ದಕ್ಕೆ ಬರೆಯುವುದೇ ಲೇಸು.

ದುಡಿಮೆಯ ವಿಷಯದಲ್ಲಿ ತೊಡಕು ಕಡಿಮೆ. ಕಾರ್ಮಿಕ ಮಾರುವುದು ಶ್ರಮವನ್ನಲ್ಲ, ಶ್ರಮಶಕ್ತಿಯನ್ನು, ಅಂದರೆ ದುಡಿಯುವ ಸಾಮರ್ಥ್ಯವನ್ನು ಎಂಬ ಮಾರ್ಕ್ಸ್‌ನ ಭೇದ ಕನ್ನಡದಲ್ಲಿ ನೆಲೆಗೊಂಡಿದೆ. ಒಂದು ಸಂದೇಹವಷ್ಟೆ. ಯಾರ ಪಾಲಿನ ಶ್ರಮ ಎಷ್ಟೆಂದು ಬೇರ್ಪಡಿಸಲಾಗದ ಕಾರಣ ದುಡಿಮೆಯನ್ನು ಅಳೆದು ಕೊಡುವ ಪ್ರತಿಫಲವೇ ಬೇಡವೆಂದ ರಷ್ಯಾದ ಅರಾಜಕತಾವಾದಿ ಕ್ರೊಪೋಟ್ಕಿನ್‌ನ ಮಾತಿಗೆ 'ಕೂಲಿ ಪದ್ಧತಿ' ಎಂದರೆ, ವೈಟ್‌ಫೀಲ್ಡಿನ ಸಂಬಳದಾರರು ಅದು ತಮಗೆ ಸಂಬಂಧಿಸಿದ್ದಲ್ಲವೆಂದು ದಾಟಿಹೋಗುತ್ತಾರೆ. 'ವೇತನ ಪದ್ಧತಿ' ಇಬ್ಬರನ್ನೂ ಒಳಗೊಳ್ಳುತ್ತದೆ.

ಇಂಗ್ಲಿಷಿನ 'ಸ್ಟೇಟ್'ಗೆ 'ರಾಜ್ಯ' ಎಂದರೆ ಅದು ನಮಗೆ ಕರ್ನಾಟಕವೇ ಆಗಿಬಿಡುವುದರಿಂದ 'ಪ್ರಭುತ್ವ'ವನ್ನು ಉಳಿಸಿಕೊಂಡಿದ್ದೇವೆ. ಕಷ್ಟವಿರುವುದು ಕ್ರಿಯಾಪದದಲ್ಲಿ. ರಷ್ಯಾದ ಅರಾಜಕತಾವಾದಿ ಬಕೂನಿನ್‌ನ ಪಂಥ ಪ್ರಭುತ್ವವನ್ನು ಕ್ರಾಂತಿಯ ದಿನವೇ ಕಿತ್ತೊಗೆಯಬೇಕೆಂದಿತು. 1872ರ ಹೇಗ್ ಅಧಿವೇಶನದಲ್ಲಿ ಆತನನ್ನು ಇಂಟರ್‌ನ್ಯಾಷನಲ್‌ನಿಂದ, ಅಂದರೆ ಕಾರ್ಮಿಕರ ಅಂತರರಾಷ್ಟ್ರೀಯ ಸಂಘದಿಂದ, ಹೊರಹಾಕುವ ಹೊತ್ತಿಗೆ ಈ ಭೇದ ಬಿರುಕಾಗಿತ್ತು. ಎಂಗೆಲ್ಸ್ 1878ರಲ್ಲಿ, ಪ್ರಭುತ್ವವನ್ನು ಯಾರೂ ತೊಡೆದುಹಾಕುವುದಿಲ್ಲ, ಅದು ತಾನಾಗಿ ಇಲ್ಲವಾಗುತ್ತದೆ ಎಂದು ಬರೆದ. ಮೊದಲನೆಯದಕ್ಕೆ 'ರದ್ದು' ಎಂದರೆ ಅದು ಸರ್ಕಾರಿ ಆದೇಶದ ಪದ. ಆದೇಶ ಹೊರಡಿಸಲು ಮತ್ತೊಂದು ಪ್ರಭುತ್ವವೇ ಬೇಕಾಗುತ್ತದೆ. ಎರಡನೆಯದಕ್ಕೆ 'ಕ್ಷಯಿಸು' ಎಂದರೆ ರೋಗದ ವಾಸನೆ. ನಾನು 'ಉಡುಗಿಹೋಗು' ಎಂದು ಬರೆದಿದ್ದೇನೆ, ಮುದಿತನದಲ್ಲಿ ಶಕ್ತಿ ಉಡುಗುವಂತೆ. ಇದಕ್ಕಿಂತ ಹೊಂದುವ ಪದ ನಿಮ್ಮ ಕಡೆಯ ಮಾತಿನಲ್ಲಿದ್ದರೆ, ಬಳಕೆಯ ಒಂದು ವಾಕ್ಯದೊಡನೆ ದಯವಿಟ್ಟು ತಿಳಿಸಿ.